ಕೆರಿಯರ್ ಕೌನ್ಸೆಲರ್ ಹತ್ರ ಹೋಗೋ ಮುಂಚೆ ಒಂದು ಹಾಳೆ ಬರೆದಿಟ್ಕೊಳ್ಳಿ

ಬರೀ ಬಯೋಡೇಟಾ ಹಿಡ್ಕೊಂಡು ಹೋದ್ರೆ ಹುದ್ದೆಗಳ ಹೆಸರು ಹೇಳೋದ್ರಲ್ಲೇ ಹೊತ್ತು ಹೋಗುತ್ತೆ. ಎ4 ಹಾಳೆ ಅಡ್ಡ ಇಟ್ಟು, ನಡುವೆ ಗೆರೆ ಎಳೆದು ಇಸವಿ ಹಾಕಿ. ಹಿಡಿಸಿದ ಕೆಲಸ ಗೆರೆ ಮೇಲೆ, ಸುಸ್ತು ಮಾಡಿದ್ದು ಕೆಳಗೆ. ‘ಅಸಿಸ್ಟೆಂಟ್ ಮ್ಯಾನೇಜರ್’ ಅಂತ ಬೇಡ. ‘ಸ್ಟಾಕ್ ತಾಳೆ ನೋಡಿದೆ, ಗಿರಾಕಿಗಳ ತಕರಾರು ಬಗೆಹರಿಸಿದೆ’ ಅಂತ ಬರೀರಿ. ಕೆಳಗಿನದನ್ನು ನಯ ಮಾಡಿ ಬರೆಯೋರೇ ಜಾಸ್ತಿ. ಹಿಡಿಸದೇ ಇದ್ದದ್ದು ಕೆಲಸವೋ ಬಾಸೋ ಅನ್ನೋದು ಗೊತ್ತಾಗೋದೇ ಅಲ್ಲಿ!

ಚಿಕ್ಕಂದಿನಲ್ಲಿ ಮೆಚ್ಚಿದ ಮೂವರ ಹೆಸರೂ ಬೇಕು. ಸಿನಿಮಾ ಪಾತ್ರವಾದ್ರೂ ಸರಿ. ಅಮೆರಿಕದ ಕೆರಿಯರ್ ಕೌನ್ಸೆಲಿಂಗ್ ತಜ್ಞ ಮಾರ್ಕ್ ಸವಿಕಾಸ್ ರೂಪಿಸಿದ ಸಂದರ್ಶನ ಕ್ರಮದಲ್ಲಿ ಈ ಪ್ರಶ್ನೆ ಇದೆ. ಅಪ್ಪ-ಅಮ್ಮನನ್ನು ಬಿಡಿ, ಅವರು ನಾವು ಆರಿಸಿಕೊಂಡವರಲ್ಲ. ಯಾವ ಗುಣ ಹಿಡಿಸ್ತು ಅಂತ ಪಕ್ಕದಲ್ಲೇ ಬರೀರಿ. ಮೂವರಲ್ಲೂ ಒಂದೇ ಗುಣ ಕಂಡ್ರೆ ಕೌನ್ಸೆಲರ್ ಅದನ್ನ ಗೆರೆ ಮೇಲಿನ ಕೆಲಸಗಳ ಜೊತೆ ಹೊಂದಿಸಿ ನೋಡ್ತಾರೆ.