ಟೀ ಕಲೆಗೆ ಹುಳಿ ಮೊದಲು, ಸೋಡ ಆಮೇಲೆ

ಕೋಲಾರ, ಚಿಂತಾಮಣಿ, ಪಾವಗಡದ ಕಡೆ ಬೋರ್‌ವೆಲ್ ನೀರಲ್ಲೇ ಟೀ ಕಾಯಿಸುವ ಮನೆಗಳಲ್ಲಿ ಕಪ್ಪಿನೊಳಗೆ ಕಟ್ಟುವ ಕಂದು ಬಳೆ ಬರೀ ಟೀದಲ್ಲ. ಟೀ ಪುಡಿಯ ಒಗರು ಗಡಸು ನೀರಿನ ಸುಣ್ಣದ ಜೊತೆ ಸೇರಿ ಪೊರೆಯಾಗಿ ಅಂಟಿಕೊಂಡಿರುತ್ತದೆ. ಸೋಪಿಗೆ ಅದು ಜಗ್ಗುವುದಿಲ್ಲ. ಅದೇ ಟೀಯನ್ನು ಶುದ್ಧ ನೀರಿನ ಘಟಕದ ಕ್ಯಾನ್ ನೀರಲ್ಲಿ ಕಾಯಿಸಿ ನೋಡಿ, ಕಲೆ ಕಟ್ಟುವುದೇ ಕಡಿಮೆ.

ಸುಣ್ಣಕ್ಕೆ ಹುಳಿ ಬೇಕು, ಒಗರಿಗೆ ಸೋಡ ಬೇಕು. ಎರಡನ್ನೂ ಒಟ್ಟಿಗೆ ಸುರಿದು ಬುರುಬುರು ನೊರೆ ಬರಿಸುವುದನ್ನು ಈಗ ಫೋನಿನಲ್ಲಿ ಎಲ್ಲರೂ ತೋರಿಸುತ್ತಾರೆ. ನೋಡಲು ಚೆಂದ, ಅಷ್ಟೆ. ಒಂದರ ಶಕ್ತಿಯನ್ನು ಇನ್ನೊಂದು ತಿಂದು ಕೊನೆಗೆ ಉಪ್ಪುಪ್ಪು ನೀರು ಉಳಿಯುತ್ತದೆ.

ಪಿಂಗಾಣಿ ಕಪ್ಪಾದರೆ ಮೊದಲು ಸೋಪು, ಬಿಸಿನೀರಿನಲ್ಲಿ ಹಾಲಿನ ಜಿಡ್ಡು ತೆಗೆಯಿರಿ. ಜಿಡ್ಡಿದ್ದರೆ ಹುಳಿ ಕಲೆಗೆ ತಾಗುವುದೇ ಇಲ್ಲ. ಆಮೇಲೆ ಕಪ್ಪಿನ ತುಂಬ ಬಿಸಿನೀರು, ಅರ್ಧ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್ ಪುಡಿ) ಹಾಕಿ 20 ನಿಮಿಷ ಬಿಡಿ. ಹುಣಸೆ ನೀರೂ ನಡೆಯುತ್ತದೆ, ತುಮಕೂರಿನವರಿಗೆ ಹುಣಸೆಗೇನು ಬರ! ಆದರೆ ಅದಕ್ಕೇ ಬಣ್ಣವಿರುವುದರಿಂದ ಕಲೆ ಬಿಟ್ಟಿತೋ ಇಲ್ಲವೋ ಗೊತ್ತಾಗದು. ಚೆನ್ನಾಗಿ ತೊಳೆದ ಮೇಲೆ ಒಂದು ಚಮಚ ಅಡುಗೆ ಸೋಡಕ್ಕೆ ನಾಲ್ಕೈದು ಹನಿ ನೀರು ಬೆರೆಸಿ, ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಉಜ್ಜಿ. ಸ್ಟೀಲ್ ನಾರು ಮಾತ್ರ ಬೇಡ. ಅದು ಹೊಳಪಿನ ಮೇಲೆ ಗೀರು ಬೀಳಿಸುತ್ತದೆ, ಮುಂದಿನ ಕಲೆ ಆ ಗೀರಿನಲ್ಲೇ ಮನೆ ಮಾಡುತ್ತದೆ. ಚಿನ್ನದ ಅಂಚಿದ್ದರೆ ಆ ಜಾಗಕ್ಕೆ ಸೋಡ ಮುಟ್ಟಿಸಬೇಡಿ.

ಟೀ ಕೆಟಲಿನ ಮೂತಿಯೊಳಗೆ ಕೈ ಹೋಗದು. ನಿಂಬೆ ಉಪ್ಪಿನ ಬಿಸಿನೀರನ್ನು ಮೂತಿ ಮುಳುಗುವಷ್ಟು ತುಂಬಿ ನೆನೆಯಲು ಬಿಟ್ಟು, ಆಮೇಲೆ ಸ್ಟ್ರಾ ತೊಳೆಯುವ ಸಣ್ಣ ಬ್ರಷ್ ಆಡಿಸಿ. ಕರೆಂಟಿನ ಕೆಟಲಾದರೆ ಒಂದು ಲೀಟರ್ ನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ, ಒಮ್ಮೆ ಕುದಿ ಬಂದೊಡನೆ ಆರಿಸಿ, ಅರ್ಧ ಗಂಟೆ ಬಿಟ್ಟು ಚೆಲ್ಲಿ. ತಳದ ಬಿಳಿ ಪದರ ತಾನೇ ಸಡಿಲವಾಗುತ್ತದೆ. ಬರೀ ನೀರನ್ನು ಎರಡು ಸಲ ಕುದಿಸಿ ಚೆಲ್ಲಿದ ಮೇಲೇ ಟೀಗೆ ಬಳಸಿ.

ಅಲ್ಯೂಮಿನಿಯಂ ಪಾತ್ರೆಯ ದಾರಿಯೇ ಬೇರೆ. ಒಗೆಯುವ ಸೋಡ ಹಾಕಿದರೆ ಲೋಹ ಕಪ್ಪಾಗಿ ಸವೆಯುತ್ತದೆ. ನೆಲ್ಲಿಕಾಯಿ ಗಾತ್ರದ ಹುಣಸೆಯನ್ನು ನೀರಿಗೆ ಹಾಕಿ ಹತ್ತು ನಿಮಿಷ ಕುದಿಸಿ, ತೆಂಗಿನ ನಾರಿನಲ್ಲಿ ತಿಕ್ಕಿ. ಹುಳಿನೀರನ್ನು ರಾತ್ರಿಯಿಡೀ ಬಿಟ್ಟರೆ ಅದೂ ತಳವನ್ನು ತಿನ್ನುತ್ತದೆ. ಸ್ಟೀಲ್ ಲೋಟಕ್ಕೆ ಅಡುಗೆ ಸೋಡ ಸಾಕು.

ಬ್ಲೀಚಿಂಗ್ ಪುಡಿಯ ನೀರು ಸ್ಟೀಲಿನಲ್ಲಿ ಸಣ್ಣ ಸಣ್ಣ ಗುಳಿ ಮಾಡುತ್ತದೆ. ಅದಕ್ಕೆ ನಿಂಬೆ, ಹುಣಸೆ, ವಿನೆಗರ್ ಏನೇ ಬೆರೆತರೂ ಏಳುವ ಕ್ಲೋರಿನ್ ಗಾಳಿ ಉಸಿರುಕಟ್ಟಿಸುತ್ತದೆ, ಆದ್ದರಿಂದ ಟೀ ಪಾತ್ರೆಯ ಹತ್ತಿರ ಅದು ಸುಳಿಯುವುದೇ ಬೇಡ.

ಸೋಸುವ ಜಾಲರಿ ಪೂರ್ತಿ ಸ್ಟೀಲಿನದಾದರೆ ಒಲೆಯ ಉರಿಯಲ್ಲಿ ಅರೆ ನಿಮಿಷ ಹಿಡಿದು, ಆರಿದ ಮೇಲೆ ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಟ್ಟಿ. ಪ್ಲಾಸ್ಟಿಕ್ಕಿನದಾದರೆ ಸೋಡ ಹಾಕಿದ ಬಿಸಿನೀರಲ್ಲಿ ನೆನೆಸಿ ತಿಕ್ಕಿ.