ಬೈಕ್ ಇನ್ಶೂರೆನ್ಸ್: ನಾಲ್ಕು ಕಡೆ ದರ ಕೇಳುವ ಮುನ್ನ

ಥರ್ಡ್ ಪಾರ್ಟಿ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಇರುವ ವಿಮೆ. ಇದರ ಕಂತಿನಲ್ಲಿ ಚೌಕಾಶಿಗೆ ಜಾಗವೇ ಇಲ್ಲ. ಅದನ್ನು ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ 75 ಸಿಸಿವರೆಗೆ 538 ರೂ., 150ರವರೆಗೆ 714, 350ರವರೆಗೆ 1,366, ಅದರಾಚೆಗೆ 2,804. ಸರ್ಕಾರಿ ಕಂಪನಿಯಾಗಲಿ, ಖಾಸಗಿಯಾಗಲಿ, ದರ ಒಂದೇ. ನಿಗದಿಯಾದ ದರಕ್ಕಿಂತ ಕಡಿಮೆಗೆ ಮಾಡಿಸಿಕೊಡುತ್ತೇನೆ ಅಂದವರ ಪಾಲಿಸಿ ನಕಲಿ ಇರಬಹುದು, ಇಲ್ಲವೇ ಸಿಸಿ ತಪ್ಪು ಬರೆದಿರಬಹುದು. ಅಪಘಾತವಾದ ದಿನ ಅದು ಗೊತ್ತಾದರೆ ಮನೆ ಹೊಲ ಮಾರುವ ಪ್ರಸಂಗ ಬರುತ್ತದೆ.

ಹಾಗಾಗಿ ನಾಲ್ಕು ಕಡೆ ವಿಚಾರಿಸಬೇಕಾದದ್ದು ಓನ್ ಡ್ಯಾಮೇಜ್, ಅಂದರೆ ನಿಮ್ಮದೇ ಗಾಡಿಗಾಗುವ ಹಾನಿಯ ಭಾಗದ ದರ ಮಾತ್ರ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಅದು ಚಾಲ್ತಿಯಲ್ಲಿರುವಾಗ ನವೀಕರಿಸಬೇಕಾದದ್ದು ಓನ್ ಡ್ಯಾಮೇಜ್ ಒಂದನ್ನೇ, ಅದನ್ನೂ ಯಾವ ಕಂಪನಿಯಲ್ಲಾದರೂ ಮಾಡಿಸಬಹುದು. ಶೋರೂಮಿನಿಂದ ಫೋನ್ ಬಂತೆಂದು ಅಲ್ಲೇ ಕಟ್ಟಬೇಕಿಲ್ಲ. ಥರ್ಡ್ ಪಾರ್ಟಿಯನ್ನು ಎರಡನೇ ಸಲ ಸೇರಿಸಿದ್ದಾರೋ ನೋಡಿಕೊಳ್ಳಿ.

ಹೋಲಿಸುವಾಗ ಹೆಚ್ಚಿನವರು ಎಡವುವುದು ಐಡಿವಿಯಲ್ಲಿ, ಅಂದರೆ ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆಯಲ್ಲಿ. ಗಾಡಿ ಕಳವಾದರೆ ಅಥವಾ ಪೂರ್ತಿ ಹಾಳಾದರೆ ಕೈಗೆ ಬರುವ ಹಣ ಲೆಕ್ಕ ಹಾಕುವುದು ಇದರ ಮೇಲೆ. ಶೋರೂಮ್ ಬೆಲೆಯಿಂದ 1–2 ವರ್ಷದ ಗಾಡಿಗೆ 20%, 2–3ಕ್ಕೆ 30%, 3–4ಕ್ಕೆ 40%, 4–5ಕ್ಕೆ 50% ಕಡಿಯುತ್ತಾರೆ. ಐದು ವರ್ಷ ದಾಟಿದರೆ ನೀವು ಮತ್ತು ಕಂಪನಿ ಒಪ್ಪಿದ ಮೊತ್ತ. ಒಂದು ಕಂಪನಿಯ ದರ 150 ರೂಪಾಯಿ ಕಡಿಮೆ ಕಂಡರೆ ಮೊದಲು ಐಡಿವಿ ನೋಡಿ. ಹತ್ತು ಸಾವಿರ ಇಳಿಸಿರುವುದೂ ಉಂಟು. ಎಲ್ಲ ಕಡೆ ಒಂದೇ ಐಡಿವಿ ಹೇಳಿ ದರ ಕೇಳಿ.

ನೋಂದಣಿಯೂ ಲೆಕ್ಕಕ್ಕೆ ಬರುತ್ತದೆ. ಕೆಎ-22, 28, 29 (ಬೆಳಗಾವಿ, ವಿಜಯಪುರ, ಬಾಗಲಕೋಟೆ) ಗಾಡಿಗಳು ‘ಬಿ’ ವಲಯದವು, ದರ ತುಸು ಕಡಿಮೆ. ಪುಣೆಯಿಂದ ತಂದ ಸೆಕೆಂಡ್ ಹ್ಯಾಂಡ್ ಬೈಕು ಅಲ್ಲಿನ ನಂಬರಿನಲ್ಲೇ ಇದ್ದರೆ ‘ಎ’ ವಲಯದ್ದು. ಹಳೆ ಮಾಲೀಕನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಗಾಡಿಯದಲ್ಲ, ಮಾಲೀಕನದು. ಗಾಡಿ ಕೊಂಡ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ.

ಈ ಬೋನಸ್ 20, 25, 35, 45, 50% ಎಂದು ವರ್ಷದಿಂದ ವರ್ಷಕ್ಕೆ ಏರುತ್ತದೆ, ಓನ್ ಡ್ಯಾಮೇಜ್ ಕಂತಿಗೆ ಮಾತ್ರ ಅನ್ವಯ. ಅವಧಿ ಮುಗಿದು 90 ದಿನ ದಾಟಿದರೆ ಎಲ್ಲವೂ ಹೋಯಿತು. ಆರು ವರ್ಷದ 100 ಸಿಸಿ ಬೈಕಿಗೆ ಓನ್ ಡ್ಯಾಮೇಜ್ 500 ರೂ. ಎಂದಿಟ್ಟುಕೊಳ್ಳಿ. 50% ಬೋನಸ್ ಕಳೆದು 250, ಥರ್ಡ್ ಪಾರ್ಟಿ 714, 18% ಜಿಎಸ್‌ಟಿ ಸೇರಿ ಸುಮಾರು 1,138. ಥರ್ಡ್ ಪಾರ್ಟಿ ಮಾತ್ರವಾದರೆ 843. ಉಳಿಯುವುದು 295 ರೂಪಾಯಿ. ಅಷ್ಟಕ್ಕಾಗಿ ಕಳವು, ಬೆಂಕಿ, ಪ್ರವಾಹದ ರಕ್ಷಣೆ ಬಿಡುವುದು ನಷ್ಟದ ವ್ಯಾಪಾರ. ಇದೇ ಗಾಡಿಗೆ ಒಮ್ಮೆ ಕ್ಲೇಮ್ ಮಾಡಿದರೆ ಬೋನಸ್ ಮತ್ತೆ 50%ಗೆ ಏರುವಷ್ಟರಲ್ಲಿ 250+150+125+75+25, ಅಂದರೆ 625 ರೂ. ಕೈಬಿಡುತ್ತದೆ. ಇಂಡಿಕೇಟರ್, ಕನ್ನಡಿಯಂಥ ಸಣ್ಣ ರಿಪೇರಿಗೆ ಕ್ಲೇಮ್ ಬೇಡ.

ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಕಂಪನಿ ಕೊಡುವುದು ಅರ್ಧ ಬೆಲೆ. ಹೊಸ ಗಾಡಿಗೆ ಈ ಕಡಿತವಿಲ್ಲದ ಜೀರೋ ಡೆಪ್ರಿಸಿಯೇಷನ್ ಸೇರಿಸಿದರೆ ಲಾಭ, ಹಳೆಯದಕ್ಕೆ ಅಷ್ಟಾಗಿ ಅಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರಿನವರು ಎಂಜಿನ್ ಪ್ರೊಟೆಕ್ಟ್ (ನೀರು ಹೊಕ್ಕು ಎಂಜಿನ್ ಕೆಟ್ಟರೆ ಸಿಗುವ ಹೆಚ್ಚುವರಿ ರಕ್ಷಣೆ) ದರವನ್ನೂ ಕೇಳಿ. 2019ರ ಆಗಸ್ಟ್‌ನ ಪ್ರವಾಹ ನೆನಪಿದ್ದವರಿಗೆ ಕಾರಣ ಹೇಳಬೇಕಿಲ್ಲ. ನೀರಲ್ಲಿ ಮುಳುಗಿದ ಬೈಕಿಗೆ ಕಿಕ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೋಗಿರುವಾಗ ಚಾಲೂ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅದು ನೀವೇ ಮಾಡಿಕೊಂಡ ಹಾನಿ ಎಂದು ಕ್ಲೇಮ್ ನಿರಾಕರಿಸುತ್ತಾರೆ. ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಗಾಡಿಯನ್ನು ಹೊತ್ತೊಯ್ಯಿಸಿ.

15 ಲಕ್ಷದ ಮಾಲೀಕ-ಚಾಲಕ ಅಪಘಾತ ವಿಮೆ ಕಡ್ಡಾಯ, ಆದರೆ ಒಬ್ಬರಿಗೆ ಒಂದೇ ಸಾಕು. ಮನೆಯಲ್ಲಿ ನಿಮ್ಮ ಹೆಸರಿನ ಇನ್ನೊಂದು ಗಾಡಿಗೆ ಈಗಾಗಲೇ ಇದ್ದರೆ ಘೋಷಣೆ ಬರೆದುಕೊಟ್ಟು ಇದನ್ನು ತೆಗೆಸಿ. ಲೈಸೆನ್ಸ್ ಅವಧಿ ಮುಗಿದಿದ್ದರೆ ಈ ಹಣ ಸಿಗದು.

ಪಾಲಿಸಿ ಬಂದ ದಿನವೇ ಎಂಜಿನ್, ಚಾಸಿ ನಂಬರುಗಳನ್ನು ಆರ್‌ಸಿ ಪಕ್ಕ ಇಟ್ಟು ಒಂದೊಂದು ಅಂಕಿ ತಾಳೆ ನೋಡಿ. ಕೆಲ ದಿನ ಬಿಟ್ಟು ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹೊಸ ತಾರೀಖು ಕಾಣುತ್ತದೆಯೇ ಪರೀಕ್ಷಿಸಿ. ಕಾಣದಿದ್ದರೆ ಏಜೆಂಟನನ್ನಲ್ಲ, ನೇರ ಕಂಪನಿಯನ್ನೇ ಕೇಳಿ.