ಹಳೆ ಎಂಜಿಬಿಗೆ ಫ್ಯಾನ್ ಹುಡುಕಲು ಹೋಗಿ ಶ್ರೌಡ್ ಕಟ್ಟಿದ್ದು

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಗಾಡಿ ಹೀಟ್ ಆಗ್ತಿದೆ ಅಂದ ಕೂಡಲೇ ಕೇಳುವ ಮೊದಲ ಪ್ರಶ್ನೆ, "ಎಷ್ಟು ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಫ್ಯಾನ್ ಹಾಕಿಸಲಿ?" ನನ್ನನ್ನು ಕೇಳಿದರೆ, ಶ್ರೌಡ್ (ಫ್ಯಾನನ್ನು ಸುತ್ತುವರಿದು, ರೇಡಿಯೇಟರಿನ ತುಂಬ ಗಾಳಿ ಎಳೆಯುವಂತೆ ಮಾಡುವ ತಗಡಿನ ಚೌಕಟ್ಟು) ಯಾವುದು ಅಂತ ಮೊದಲು ತೀರ್ಮಾನಿಸಿ, ಅದರೊಳಗೆ ಕೂರುವ ಫ್ಯಾನ್ ಆಮೇಲೆ ತಗೊಳ್ಳಿ ಅಂತೀನಿ. ಯಾಕೆ ಅನ್ನುವುದನ್ನು ನನ್ನ ಗಾಡಿಯ ಲೆಕ್ಕದಲ್ಲೇ ಹೇಳುತ್ತೇನೆ.

ನನ್ನದು 1971ರ ಎಂಜಿಬಿ ರೋಡ್‌ಸ್ಟರ್, ಬ್ರಿಟಿಷ್ ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್, ವಾಟರ್ ಪಂಪಿನ ಪುಲ್ಲಿಗೆ ಬೋಲ್ಟ್ ಮಾಡಿದ ಮೂಲ ಫ್ಯಾನ್, ಸುತ್ತ ಶ್ರೌಡ್ ಇಲ್ಲ. ಹೆದ್ದಾರಿಯಲ್ಲಿ ಓಡುವಾಗ ಟೆಂಪರೇಚರ್ ಮುಳ್ಳು ಅಲ್ಲಾಡುತ್ತಿರಲಿಲ್ಲ. ಟ್ರಾಫಿಕ್ಕಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಮೆಲ್ಲಗೆ ಏರಲು ಶುರು. ಫ್ಯಾನಿಗೆ ಕೈ ಹಾಕುವ ಮೊದಲು ಗಮನಿಸಬೇಕಾದ್ದು ಇದನ್ನೇ. ಗಾಡಿ ಗಂಟೆಗೆ 60–70 ಕಿಲೋಮೀಟರ್ ದಾಟಿತೆಂದರೆ ಗ್ರಿಲ್ಲಿನಿಂದ ನುಗ್ಗುವ ಗಾಳಿಯೇ ರೇಡಿಯೇಟರಿಗೆ ಸಾಕು, ಫ್ಯಾನ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅಂಥ ವೇಗದಲ್ಲೂ ಹೀಟ್ ಆಗುತ್ತಿದ್ದರೆ ದೋಷ ಬೇರೆ ಕಡೆ ಇದೆ: ಕೋರ್ (ರೇಡಿಯೇಟರಿನ ಟ್ಯೂಬು, ಫಿನ್‌ಗಳ ಜಾಲರಿ) ಒಳಗೆ ಕಟ್ಟಿಕೊಂಡಿರಬಹುದು, ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿರಬಹುದು, ಮಿಕ್ಸ್ಚರ್ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು) ಆಗಿರಬಹುದು, ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ಎಷ್ಟೇ ದೊಡ್ಡ ಫ್ಯಾನ್ ಹಾಕಿದರೂ ಅದು ಸರಿಹೋಗುವುದಿಲ್ಲ. ನಾನು ಮೊದಲು ಟೈಮಿಂಗ್ ಲೈಟ್ ಹಿಡಿದು ನೋಡಿದೆ, ಪ್ರೆಶರ್ ಕ್ಯಾಪ್ ಪರೀಕ್ಷೆ ಮಾಡಿಸಿದೆ, ಇನ್ಫ್ರಾರೆಡ್ ಥರ್ಮಾಮೀಟರಿನಲ್ಲಿ ಕೋರಿನ ಮೇಲೆಲ್ಲ ಅಳೆದೆ. ಬ್ಲಾಕ್ ಆದ ಟ್ಯೂಬ್ ಇದ್ದರೆ ಅಷ್ಟು ಭಾಗ ಅಕ್ಕಪಕ್ಕಕ್ಕಿಂತ ತಣ್ಣಗೆ ಕಾಣುತ್ತದೆ. ನನ್ನದರಲ್ಲಿ ಅಂಥದ್ದೇನೂ ಇರಲಿಲ್ಲ. ತೊಂದರೆ ನಿಂತಾಗ ಮಾತ್ರ, ಅಂದರೆ ಗಾಳಿಯದೇ.

ಇನ್ನು ಎಷ್ಟು ಗಾಳಿ ಬೇಕು? ಇಂಥ ಎಂಜಿನ್ ಐಡ್ಲಿಂಗಿನಲ್ಲಿ ಗಂಟೆಗೆ ಸುಮಾರು ಒಂದು ಲೀಟರ್ ಪೆಟ್ರೋಲ್ ಕುಡಿಯುತ್ತದೆ ಅಂದುಕೊಳ್ಳೋಣ. ಅದು 9 ಕಿಲೋವ್ಯಾಟಿನಷ್ಟು ಶಾಖ. ಅದರಲ್ಲಿ ಕೂಲೆಂಟಿಗೆ (ಎಂಜಿನ್ ತಣಿಸುವ ನೀರಿಗೆ) ಹೋಗುವುದು ಧಾರಾಳವಾಗಿ ಹಿಡಿದರೂ 4 ಕಿಲೋವ್ಯಾಟ್. ಕೋರಿನ ಮೂಲಕ ಹಾದ ಗಾಳಿ 30 ಡಿಗ್ರಿ ಬಿಸಿಯಾಗಿ ಹೊರಬರುತ್ತದೆ ಎಂದರೆ, ಆ 4 ಕಿಲೋವ್ಯಾಟ್ ಹೊತ್ತೊಯ್ಯಲು 235 ಸಿಎಫ್‌ಎಂ ಸಾಕು. ನಿಧಾನಗತಿಯಲ್ಲಿ ಏರು ಹತ್ತುವಾಗಲೇ ನಿಜವಾದ ಪರೀಕ್ಷೆ. ಆಗ ಕೂಲೆಂಟಿಗೆ 15 ಕಿಲೋವ್ಯಾಟ್ ಇಳಿಯುತ್ತದೆ ಅಂದರೂ ಬೇಕಾದ್ದು 880 ಸಿಎಫ್‌ಎಂ ಆಸುಪಾಸು. ಮಾರುಕಟ್ಟೆಯಲ್ಲಿ ಸಿಗುವ ಸಾಧಾರಣ 12 ಇಂಚಿನ ಫ್ಯಾನಿನ ಡಬ್ಬಿ ಮೇಲೆ ಇದಕ್ಕಿಂತ ದೊಡ್ಡ ಅಂಕಿಯೇ ಇರುತ್ತದೆ. ಹಾಗಿದ್ದೂ ಜನರ ಗಾಡಿ ಯಾಕೆ ಕುದಿಯುತ್ತದೆ?

ಡಬ್ಬಿಯ ಮೇಲಿನ ಅಂಕಿ ಮುಂದೆ ಹಿಂದೆ ಏನೂ ಅಡ್ಡ ಇಲ್ಲದೆ, ಬಯಲಲ್ಲಿ ತಿರುಗುವ ಫ್ಯಾನಿನದು. ಇದು ಮೊದಲನೆಯ ಕಾರಣ. ಕೋರಿನ ಸಣ್ಣ ಸಣ್ಣ ಫಿನ್‌ಗಳ ಮಧ್ಯೆ ಗಾಳಿ ಎಳೆಯಬೇಕಾದಾಗ ಆ ಅಂಕಿ ಧಡಕ್ಕನೆ ಇಳಿಯುತ್ತದೆ. ಒಳ್ಳೆ ತಯಾರಕರು ಒತ್ತಡ ಏರಿದಂತೆ ಗಾಳಿ ಎಷ್ಟು ಇಳಿಯುತ್ತದೆ ಎನ್ನುವ ಗ್ರಾಫ್ ಕೊಡುತ್ತಾರೆ. ಗ್ರಾಫ್ ಕೊಡದವರ ಫ್ಯಾನನ್ನು ನಾನು ಪಟ್ಟಿಯಿಂದಲೇ ತೆಗೆದುಹಾಕಿದೆ. ಗ್ರಾಫ್ ಸಿಗದಿದ್ದರೆ ಆಂಪಿಯರ್ ನೋಡಿ. ಗಾಳಿ ತಳ್ಳಲು ಕರೆಂಟ್ ಬೇಕೇ ಬೇಕು. ಐದಾರು ಆಂಪಿಯರ್ ಎಳೆದು 2000 ಸಿಎಫ್‌ಎಂ ಕೊಡ್ತೀನಿ ಅನ್ನುವ ಫ್ಯಾನನ್ನು ನಂಬಬೇಡಿ.

ಎರಡನೆಯ ಕಾರಣ ಇನ್ನೂ ದೊಡ್ಡದು. 20 ಇಂಚು ಅಗಲ, 13 ಇಂಚು ಎತ್ತರದ ಕೋರ್ ಇದೆ ಅನ್ನಿ, 260 ಚದರ ಇಂಚು. 12 ಇಂಚಿನ ಫ್ಯಾನಿನ ವೃತ್ತ 113 ಚದರ ಇಂಚು, ನಡುವಿನ ಮೋಟಾರಿನ ಜಾಗವೂ ಅದರಲ್ಲೇ ಸೇರಿದೆ. ಫ್ಯಾನನ್ನು ನೇರವಾಗಿ ಕೋರಿಗೆ ಅಂಟಿಸಿ ಕಟ್ಟಿದರೆ ಅರ್ಧಕ್ಕೂ ಹೆಚ್ಚು ರೇಡಿಯೇಟರ್ ಸುಮ್ಮನೆ ಕೂತಿರುತ್ತದೆ.

ಇದನ್ನು ಕಣ್ಣಾರೆ ನೋಡುವುದು ಸುಲಭ. ಪಂಪಿನ ಫ್ಯಾನ್ ತೆಗೆದು, ತಂದ ಫ್ಯಾನನ್ನು ಕೋರಿನ ಹಿಂದೆ ತಾತ್ಕಾಲಿಕವಾಗಿ ಹಿಡಿದು ನಿಲ್ಲಿಸಿ, ಎಂಜಿನ್ ಆಫ್ ಇಟ್ಟು, ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟೆ. ಟಿಶ್ಯೂ ಪೇಪರಿನ ಬೆರಳಗಲದ ಪಟ್ಟಿಯನ್ನು ಮುಂದುಗಡೆ ಕೋರಿನ ಎದುರು ಹಿಡಿದು ಸರಿಸುತ್ತಾ ಹೋದೆ. ಫ್ಯಾನಿನ ವೃತ್ತದ ಎದುರು ಪಟ್ಟಿ ಫಟ್ಟನೆ ಅಂಟಿಕೊಂಡಿತು. ಎರಡು ಇಂಚು ಆಚೆ ಒಯ್ದರೆ ಸಡಿಲ. ಮೂಲೆಗೆ ಒಯ್ದರೆ ಜೋತುಬಿತ್ತು. ರೇಡಿಯೇಟರಿನ ಪಕ್ಕದ ಸಂದಿಯ ಹತ್ತಿರವಂತೂ ಪಟ್ಟಿ ನನ್ನ ಕಡೆಗೇ ಹಾರಾಡಿತು, ಅಂದರೆ ಹಿಂದೆ ಹೋದ ಗಾಳಿ ಸಂದಿಯಿಂದ ತಿರುಗಿ ಮುಂದಕ್ಕೆ ಬರುತ್ತಿದೆ. ಎಂಜಿನ್ ಬಿಸಿಯಿದ್ದಾಗ ಈ ವಾಪಸು ಗಾಳಿ ಬಿಸಿಗಾಳಿ. ಅದನ್ನೇ ಫ್ಯಾನ್ ಮತ್ತೆ ಮತ್ತೆ ಎಳೆಯುತ್ತಿರುತ್ತದೆ. ಅಲ್ಲಿಗೆ ಫ್ಯಾನ್ ಆಯ್ಕೆಯ ಪ್ರಶ್ನೆ ನನ್ನ ಪಾಲಿಗೆ ಶ್ರೌಡಿನ ಪ್ರಶ್ನೆಯಾಯಿತು.

ಎಳೆಯುವ ಫ್ಯಾನೋ ತಳ್ಳುವ ಫ್ಯಾನೋ ಎನ್ನುವ ಚರ್ಚೆ ಇದ್ದೇ ಇದೆ. ಕೋರಿನ ಹಿಂದೆ ಕೂತು ಎಳೆಯುವುದೇ ಮೇಲು. ಮುಂದೆ ಕೂರಿಸಿದರೆ ಆಫ್ ಇದ್ದಾಗಲೂ ಮೋಟಾರು, ರೆಕ್ಕೆ, ಚೌಕಟ್ಟು ಎಲ್ಲ ಸೇರಿ ಓಡುವ ಗಾಡಿಗೆ ಬರುವ ಗಾಳಿಯನ್ನು ಮರೆಮಾಡುತ್ತವೆ. ಹಾಗಂತ ಮುಂದಿನ ಫ್ಯಾನ್ ಹಾಕಿಕೊಂಡವರನ್ನು ನಾನು ದೂರುವುದಿಲ್ಲ. ಹಿಂದೆ ಜಾಗ ಇಲ್ಲದಿದ್ದರೆ ಅಥವಾ ಪಂಪಿನ ಫ್ಯಾನನ್ನು ಉಳಿಸಿಕೊಳ್ಳಬೇಕಿದ್ದರೆ ಬೇರೆ ದಾರಿ ಇಲ್ಲ. ಎಂಜಿಬಿಯ ಕಷ್ಟ ಇದೇ: ನನ್ನಂಥ ಕ್ರೋಮ್ ಬಂಪರ್ ಗಾಡಿಗಳಲ್ಲಿ ರೇಡಿಯೇಟರ್ ಎಂಜಿನ್ನಿನ ಮೂಗಿಗೇ ತಾಗಿಕೊಂಡ ಹಾಗೆ ಕೂತಿರುತ್ತದೆ. 1973ರಲ್ಲಿ ಬಂದ ಎಂಟು ಸಿಲಿಂಡರಿನ ಎಂಜಿಬಿ ಜಿಟಿ ವಿ8ಗೆ ಕಂಪನಿಯೇ ಜೋಡಿ ಎಲೆಕ್ಟ್ರಿಕ್ ಫ್ಯಾನ್ ಕೊಟ್ಟಿತು. ನಾಲ್ಕು ಸಿಲಿಂಡರಿನ ಗಾಡಿಗೆ 1977ರ ಮಾದರಿಯಲ್ಲಿ ರೇಡಿಯೇಟರನ್ನು ಮುಂದಕ್ಕೆ ಸರಿಸಿ ಎಲೆಕ್ಟ್ರಿಕ್ ಮಾಡಿತು. ಜಾಗ್ವಾರ್ ಇ-ಟೈಪ್ 1961ರಿಂದಲೇ ಎಲೆಕ್ಟ್ರಿಕ್ ಫ್ಯಾನಿನ ಮೇಲೆ ಓಡಿದ್ದು. ಹಾಗಾಗಿ ಎಲೆಕ್ಟ್ರಿಕ್ ಹಾಕಿದರೆ ಗಾಡಿಯ ಹಳೆತನ ಕೆಡುತ್ತದೆ ಎನ್ನುವ ವಾದಕ್ಕೆ ನಾನು ತಲೆಕೆಡಿಸಿಕೊಳ್ಳಲಿಲ್ಲ.

ಜಾಗ ಅಳೆಯಲು ಸ್ಕೇಲು ನಂಬಬೇಡಿ, ಕೈ ಹೋಗುವುದಿಲ್ಲ. ಮಕ್ಕಳು ಆಡುವ ಬಣ್ಣದ ಕ್ಲೇಯನ್ನು ದಪ್ಪ ಉಂಡೆ ಮಾಡಿ ಪಂಪ್ ಪುಲ್ಲಿಯ ಮೂತಿಗೆ ಮೆತ್ತಿ, ಸಡಿಲಿಸಿಟ್ಟಿದ್ದ ರೇಡಿಯೇಟರನ್ನು ಬೋಲ್ಟ್ ಹಾಕಿ ಅದರ ಜಾಗಕ್ಕೆ ಕೂರಿಸಿ, ಮತ್ತೆ ತೆಗೆದೆ. ಚಪ್ಪಟೆಯಾದ ಉಂಡೆಯ ದಪ್ಪವೇ ನಿಜವಾದ ಅಂತರ. ಅದರಲ್ಲಿ ಅರ್ಧ ಇಂಚು ಕಳೆಯಬೇಕು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುವುದರಿಂದ ಜೋರಾಗಿ ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುತ್ತದೆ. ಉಳಿದ ಜಾಗದಲ್ಲಿ ಶ್ರೌಡಿನ ಆಳ, ಫ್ಯಾನಿನ ದಪ್ಪ ಎರಡೂ ಹಿಡಿಸಬೇಕು. ಮೋಟಾರ್ ಫ್ಯಾನಿನ ನಡುವಿನಲ್ಲಿ ಉಬ್ಬಿರುತ್ತದಲ್ಲ, ಆ ಉಬ್ಬು ಪುಲ್ಲಿಗೆ ಎದುರಾಗದಂತೆ ಫ್ಯಾನನ್ನು ಒಂದು ಪಕ್ಕಕ್ಕೆ ಸರಿಸಿದರೆ ಮುಕ್ಕಾಲು ಇಂಚು ಲಾಭ. ಶ್ರೌಡ್ ಇದ್ದರೆ ಮಾತ್ರ ಹೀಗೆ ಸರಿಸಬಹುದು. ಇಲ್ಲದಿದ್ದರೆ ಕೋರಿನ ಒಂದು ಪಕ್ಕ ಪೂರ್ತಿ ದಂಡ.

ಎರಡು 10 ಇಂಚಿನ ಫ್ಯಾನ್ ಹಾಕಿದರೆ 157 ಚದರ ಇಂಚು ಸಿಗುತ್ತದೆ, ಶ್ರೌಡೇ ಬೇಡ ಅಂತ ಒಬ್ಬ ಗೆಳೆಯನ ವಾದ. ಲೆಕ್ಕ ಸರಿ. ಆದರೆ ಮೋಟಾರ್ ಎರಡು, ಕರೆಂಟ್ ಹೆಚ್ಚು, ಮೂಲೆಗಳು ಆಗಲೂ ಖಾಲಿ. ನಾನು 12 ಇಂಚಿನ ತೆಳುವಾದ ಒಂದೇ ಫ್ಯಾನ್ ತಗೊಂಡೆ, ಬಾಗಿದ ರೆಕ್ಕೆಯದ್ದು. ನೇರ ರೆಕ್ಕೆಯದ್ದು ತುಸು ಹೆಚ್ಚು ಗಾಳಿ ಎಳೆಯುತ್ತದೆ, ಸದ್ದೂ ಹೆಚ್ಚು. ಮೇಲ್ಛಾವಣಿ ಇಲ್ಲದ ಗಾಡಿಯಲ್ಲಿ ಆ ಕಿರುಚಾಟ ಕೇಳುತ್ತಾ ಕೂರುವ ಆಸೆ ನನಗಿರಲಿಲ್ಲ.

ಶ್ರೌಡನ್ನು 1.2 ಮಿಲಿಮೀಟರಿನ ಅಲ್ಯೂಮಿನಿಯಂ ಶೀಟಿನಲ್ಲಿ ಮಾಡಿದೆ. ಮೊದಲು ರಟ್ಟಿನಲ್ಲಿ ಪೂರ್ತಿ ಅಚ್ಚು ಕತ್ತರಿಸಿ, ಮಡಚಿ, ಗಾಡಿಯಲ್ಲೇ ಇಟ್ಟು ನೋಡಿ, ಮೇಲಿನ ಹೋಸ್ ತಗುಲುವ ಕಡೆ ಕಚ್ಚು ಹಾಕಿ, ಆಮೇಲೆ ಶೀಟ್ ಮುಟ್ಟಿದ್ದು. ತಟ್ಟೆಯ ಅಂಚು ಮಡಚಿದ ಹಾಗೆ ನಾಲ್ಕೂ ಕಡೆ ಅಂಚು, ಮೂಲೆಗೆ ರಿವೆಟ್. ಆಳ ಮುಖ್ಯ. ಫ್ಯಾನ್ ಕೂರುವ ಹಲಗೆ ಕೋರಿಗೆ ತೀರಾ ಹತ್ತಿರವಿದ್ದರೆ ಮೂಲೆಯ ಗಾಳಿ ಫ್ಯಾನಿನ ಬಾಯಿಗೆ ಬಂದು ಸೇರಲು ದಾರಿಯೇ ಇರುವುದಿಲ್ಲ. ಶ್ರೌಡ್ ಹಾಕಿಯೂ ಹಾಕದ ಹಾಗೆ. ಒಂದು ಇಂಚಿಗಿಂತ ಕಡಿಮೆ ಮಾಡಬೇಡಿ, ಎರಡು ಸಿಕ್ಕರೆ ಪುಣ್ಯ. ನನಗೆ ಸಿಕ್ಕಿದ್ದು ಒಂದೂಕಾಲು. ಶ್ರೌಡಿನ ಅಂಚಿಗೂ ಕೋರಿಗೂ ನಡುವೆ ಫೋಮ್ ಪಟ್ಟಿ ಕೊಟ್ಟೆ, ರೇಡಿಯೇಟರಿನ ಅಕ್ಕಪಕ್ಕದ ಸಂದಿ ಮತ್ತು ಬಾನೆಟ್ಟಿನ ಕೆಳಗಿನ ಸಂದಿಯನ್ನೂ ಮುಚ್ಚಿದೆ.

ಶ್ರೌಡಿನ ದೋಷ ಏನೆಂದರೆ, ನಿಂತಾಗ ಉಪಕಾರ ಮಾಡುವ ಅದೇ ತಗಡು ವೇಗದಲ್ಲಿ ಗಾಳಿಗೆ ಅಡ್ಡ ಬರುತ್ತದೆ. ಕೋರಿನ ಮೂಲಕ ನುಗ್ಗಿದ ಗಾಳಿಯೆಲ್ಲ ಒಂದೇ ವೃತ್ತದಿಂದ ಹೊರಬೀಳಬೇಕು. ಇದಕ್ಕೆ ಫ್ಯಾನಿಗಿಂತ ದೂರದ ಎರಡು ಮೂಲೆಗಳಲ್ಲಿ ಕಿಟಕಿ ಕೊರೆದು, ಹಿಂಬದಿಯಿಂದ ತೆಳು ರಬ್ಬರ್ ಶೀಟಿನ ರೆಪ್ಪೆ ಕಟ್ಟಿದೆ. ಮೇಲಂಚು ಮಾತ್ರ ರಿವೆಟ್, ಉಳಿದದ್ದು ಸಡಿಲ. ಫ್ಯಾನ್ ಎಳೆಯುವಾಗ ಅವು ತಗಡಿಗೆ ಅಂಟಿ ಮುಚ್ಚುತ್ತವೆ, ಗಾಡಿ ಓಡುವಾಗ ಎದುರುಗಾಳಿಗೆ ತೆರೆದುಕೊಳ್ಳುತ್ತವೆ. ಎಲ್ಲ ಕಟ್ಟಿದ ಮೇಲೆ ಟಿಶ್ಯೂ ಪಟ್ಟಿ ಮತ್ತೆ ಹಿಡಿದೆ. ನಾಲ್ಕೂ ಮೂಲೆಯಲ್ಲಿ ಅಂಟಿಕೊಂಡಿತು. ವೃತ್ತದ ಎದುರಿನ ಎಳೆತ ಮೊದಲಿಗಿಂತ ಕಡಿಮೆ ಅನ್ನಿಸಿತು. ಅದು ಸಹಜ, ಅದೇ ಗಾಳಿ ಈಗ ಕೋರಿನ ತುಂಬ ಹರಡಿದೆ.

ಕೋರಿನ ಫಿನ್ ಮಧ್ಯೆ ಪ್ಲಾಸ್ಟಿಕ್ ಟೈ ತೂರಿಸಿ ಫ್ಯಾನ್ ಕಟ್ಟುವ ಕಿಟ್ ಬರುತ್ತದಲ್ಲ, ಅದನ್ನು ದಯವಿಟ್ಟು ಬಿಡಿ. ಫ್ಯಾನಿನ ತೂಕವೆಲ್ಲ ತೆಳು ಫಿನ್‌ಗಳ ಮೇಲೆ, ಪ್ರತಿ ಕಂಪನಕ್ಕೂ ಟೈ ಅಲ್ಲೇ ಉಜ್ಜುತ್ತಿರುತ್ತದೆ, ಕೊನೆಗೆ ಟ್ಯೂಬ್ ತೂತು. ನನ್ನ ಶ್ರೌಡ್ ರೇಡಿಯೇಟರಿನ ಪಕ್ಕದ ಫ್ರೇಮಿಗೆ ಬೋಲ್ಟ್ ಆಗಿದೆ.

ಪಂಪಿನ ಫ್ಯಾನ್ ಬಿಚ್ಚುವಾಗ ಒಂದು ಎಚ್ಚರ. ಪುಲ್ಲಿಯನ್ನು ಹಿಡಿದಿರುವುದೂ ಅದೇ ಬೋಲ್ಟುಗಳು. ಫ್ಯಾನಿನ ದಪ್ಪ ಹೋದ ಮೇಲೆ ಹಳೆ ಬೋಲ್ಟ್ ಉದ್ದವಾಗುತ್ತದೆ. ಗಿಡ್ಡ ಬೋಲ್ಟ್ ತರಬೇಕು, ಇಲ್ಲವೇ ಸ್ಪೇಸರ್ ಹಾಕಬೇಕು.

ವೈರಿಂಗಿನ ವಿಷಯಕ್ಕೆ ಬರೋಣ. ಫ್ಯಾನ್ ನಿಯಮ ಸರಳ: ತಿರುಗುವ ವೇಗ ಇಳಿದಷ್ಟೇ ಗಾಳಿ ಇಳಿಯುತ್ತದೆ, ಒತ್ತಡ ಮಾತ್ರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ವೇಗ ಶೇ. 15 ಕಮ್ಮಿಯಾದರೆ ಒತ್ತಡ ಶೇ. 28ರಷ್ಟು ಕಮ್ಮಿ. 13.5 ವೋಲ್ಟಿನ ಜಾಗದಲ್ಲಿ 11.5 ತಲುಪಿದರೆ ಹೆಚ್ಚು ಕಡಿಮೆ ಅದೇ ಗತಿ. ಹಾಗಾಗಿ ಸಣ್ಣ ವೈರು, ಹಳೆ ಸ್ವಿಚ್ಚು, ತುಕ್ಕು ಹಿಡಿದ ಅರ್ಥಿಂಗು ಯಾವುದೂ ಬೇಡ. ಬ್ಯಾಟರಿಯಿಂದ ಫ್ಯೂಸ್, ಅಲ್ಲಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಅಲ್ಲಿಂದ ಫ್ಯಾನು, 2.5 ಚದರ ಮಿಲಿಮೀಟರ್ ವೈರಿನಲ್ಲಿ. ಶುರುವಾಗುವ ಕ್ಷಣದಲ್ಲಿ ಮೋಟಾರ್ ಮಾಮೂಲಿಗಿಂತ ದುಪ್ಪಟ್ಟು ಮೀರಿ ಎಳೆಯುವುದರಿಂದ, 9 ಆಂಪಿಯರಿನ ಫ್ಯಾನಿಗೆ 20 ಆಂಪಿಯರಿನ ಫ್ಯೂಸ್ ಇಟ್ಟೆ. ನನ್ನ ಗಾಡಿಯಲ್ಲಿರುವುದು ಲ್ಯೂಕಾಸ್ 16ಎಸಿಆರ್ ಆಲ್ಟರ್ನೇಟರ್, 34 ಆಂಪಿಯರ್. ಹೆಡ್‌ಲೈಟು, ವೈಪರು, ಇಗ್ನಿಷನ್ ಎಲ್ಲ ಸೇರಿದ ಮೇಲೂ ಈ ಫ್ಯಾನಿಗೆ ಜಾಗ ಉಳಿಯುತ್ತದೆ. 1967ಕ್ಕಿಂತ ಹಿಂದಿನ ಎಂಜಿಬಿಗಳಲ್ಲಿ ಡೈನಮೋ, ಅದೂ 22 ಆಂಪಿಯರಿನದು, ಐಡ್ಲಿಂಗಿನಲ್ಲಿ ಹೆಚ್ಚುಕಮ್ಮಿ ಏನೂ ಕೊಡುವುದಿಲ್ಲ. ಫ್ಯಾನ್ ಬೇಕಾಗುವುದು ಐಡ್ಲಿಂಗಿನಲ್ಲೇ. ಅಂಥವರು ಮೊದಲು ಆಲ್ಟರ್ನೇಟರಿನ ದಾರಿ ನೋಡಲಿ. ಆ ಗಾಡಿಗಳು ಪಾಸಿಟಿವ್ ಅರ್ಥ್ ಬೇರೆ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಮಾಮೂಲಿನಂತೆ ವೈರ್ ಕೊಟ್ಟರೆ ಫ್ಯಾನ್ ಉಲ್ಟಾ ತಿರುಗಿ ಸೊರಗಿದ ಗಾಳಿಯನ್ನು ಮುಂದಕ್ಕೆ ಊದುತ್ತದೆ.

ಕೀ ಆಫ್ ಮಾಡಿದ ಮೇಲೂ ಎಂಜಿನ್ ಒಂದೆರಡು ಕ್ಷಣ ಓಡುತ್ತದೆ ಎಂದು ಕೆಲವರು ಗಾಬರಿಯಾಗುತ್ತಾರೆ. ಫ್ಯಾನಿನ ಕರೆಂಟನ್ನು ಇಗ್ನಿಷನ್ ಲೈನಿನಿಂದಲೇ ತೆಗೆದಿದ್ದರೆ, ಇನ್ನೂ ಸುತ್ತುತ್ತಿರುವ ಮೋಟಾರ್ ಜನರೇಟರಿನ ಹಾಗೆ ಇಗ್ನಿಷನ್ ಕಾಯಿಲಿಗೆ ಕರೆಂಟ್ ವಾಪಸು ಕಳಿಸುವುದುಂಟು. ಬ್ಯಾಟರಿಯಿಂದ ನೇರ ರಿಲೇಗೆ ತಂದರೆ ಈ ಕಾಟ ಇಲ್ಲ.

ನೀರಿನ ಬಿಸಿ ನೋಡಿ ಫ್ಯಾನನ್ನು ಆನ್-ಆಫ್ ಮಾಡುವ ಥರ್ಮೋ ಸ್ವಿಚ್ಚನ್ನು ಮೇಲಿನ ಹೋಸಿನ ನಡುವೆ ಅಲ್ಯೂಮಿನಿಯಂ ಕೊಳವೆ ಸೇರಿಸಿ ಅದರಲ್ಲಿ ಕೂರಿಸಿದೆ. ಎರಡೂ ಕಡೆ ರಬ್ಬರ್ ಇರುವುದರಿಂದ ಆ ಕೊಳವೆಗೆ ತನ್ನಷ್ಟಕ್ಕೆ ಅರ್ಥ್ ಸಿಗುವುದಿಲ್ಲ, ಎರಡು ಪಿನ್ನಿನ ಸ್ವಿಚ್ ತಂದರೆ ಆ ತಲೆನೋವಿಲ್ಲ. ಎಂಜಿನ್ನಿನ ಥರ್ಮೋಸ್ಟಾಟ್ 82 ಡಿಗ್ರಿಯದು, ಅಷ್ಟು ಬಿಸಿಯಾದ ಮೇಲೆಯೇ ಅದು ರೇಡಿಯೇಟರಿಗೆ ನೀರು ಬಿಡುವುದು. ಸ್ವಿಚ್ 92ಕ್ಕೆ ಆನ್, 87ಕ್ಕೆ ಆಫ್. ಆಫ್ ಆಗುವ ಅಂಕಿ ಥರ್ಮೋಸ್ಟಾಟಿಗಿಂತ ಕೆಳಗಿದ್ದರೆ ಮೇಲಿನ ಹೋಸ್ ಅಷ್ಟು ತಣ್ಣಗಾಗುವುದೇ ಇಲ್ಲ, ಫ್ಯಾನ್ ನಿಲ್ಲುವುದೂ ಇಲ್ಲ. ಕೆಳಗಿನ ಹೋಸಿಗೆ ಹಾಕುವವರು ತಂಪಾದ ನೀರಿನ ಲೆಕ್ಕದಲ್ಲಿ ಕಡಿಮೆ ಅಂಕಿಯ ಸ್ವಿಚ್ ತಗೋಬೇಕು. ಡ್ಯಾಶ್ ಕೆಳಗೆ ಕೈಯಿಂದ ಆನ್ ಮಾಡುವ ಇನ್ನೊಂದು ಸ್ವಿಚ್, ಫ್ಯಾನ್ ಓಡುವಾಗ ಉರಿಯುವ ಸಣ್ಣ ದೀಪ ಇಟ್ಟಿದ್ದೇನೆ. ಏರು ಶುರುವಾಗುವ ಮೊದಲೇ ಒತ್ತಿಬಿಡುತ್ತೇನೆ.

ಈಗ ನಿಂತಲ್ಲಿ ಮುಳ್ಳು ಸ್ವಲ್ಪ ಏರುತ್ತದೆ, ದೀಪ ಹತ್ತುತ್ತದೆ, ಮುಳ್ಳು ಇಳಿಯುತ್ತದೆ. ಹೆದ್ದಾರಿಯಲ್ಲಿ ದೀಪ ಹತ್ತಿದ್ದೇ ಇಲ್ಲ. ಶ್ರೌಡಿನ ರಿವೆಟ್ಟು, ಬೋಲ್ಟುಗಳನ್ನು ಆಗಾಗ ಕೈಯಲ್ಲಿ ಅಲ್ಲಾಡಿಸಿ ನೋಡುತ್ತಿರಬೇಕು. ರಬ್ಬರ್ ರೆಪ್ಪೆಗಳು ಬಿಸಿಗೆ ಸೆಟೆದು ಗಟ್ಟಿಯಾದರೆ ಬದಲಿಸಬೇಕು, ಅದಕ್ಕೆಂದೇ ಅದೇ ಶೀಟಿನ ತುಂಡೊಂದನ್ನು ಟೂಲ್ ಬಾಕ್ಸಿನಲ್ಲಿ ಹಾಕಿಟ್ಟಿದ್ದೇನೆ.